ಕಂಪ್ಯೂಟರನ್ನು ಸೋಲಿಸುತ್ತೇನೆ, ಮನುಷ್ಯರ ಎದುರು ಕೂತರೆ ಸೋಲುತ್ತೇನೆ. ಎಂಟು ತಿಂಗಳು ಕಲಿತದ್ದೇನು?

ಹೊಸಕಾಯಿ
ಎಂಟು ತಿಂಗಳ ಹಿಂದೆ ಚೆಸ್ ಕಲಿಯಲು ಶುರು ಮಾಡಿದೆ. ಹೇಳಿಕೊಡುವವರು ಯಾರೂ ಇರಲಿಲ್ಲ. ಹಾಗಾಗಿ ಪೂರ್ತಿ ಕಂಪ್ಯೂಟರ್ ಜೊತೆಯೇ ಆಟ, ದಿನಾ ರಾತ್ರಿ ಒಂದು ಗಂಟೆ. ಒಂದನೇ ಲೆವೆಲ್‌ನಿಂದ ಹತ್ತಿಕೊಂಡು ಬಂದು ಈಗ ನಾಲ್ಕನೇ ಲೆವೆಲನ್ನು ಹತ್ತರಲ್ಲಿ ಏಳು ಸಲ ಸೋಲಿಸುತ್ತೇನೆ.

ಹೋದ ವಾರ ಮೊದಲ ಸಲ ನಿಜವಾದ ಬೋರ್ಡ್ ಮುಂದೆ ಕೂತೆ. ಎದುರಿಗಿದ್ದವರು ಪರಿಚಯದವರು, ದೊಡ್ಡ ಆಟಗಾರರೇನಲ್ಲ, ಬಿಡುವಿದ್ದಾಗ ಆಡುವವರು. ಮೂರು ಆಟ ಆಡಿದೆವು, ಮೂರರಲ್ಲೂ ಸೋತೆ. ಒಂದರಲ್ಲಿ ನನ್ನ ಆನೆ ಮೂಲೆ ಬಿಟ್ಟು ಕದಲಲೇ ಇಲ್ಲ. ಇನ್ನೊಂದರಲ್ಲಿ ಅವರ ಒಂಟೆ ಆ ತುದಿಯಿಂದ ಓರೆಯಾಗಿ ನನ್ನ ಮಂತ್ರಿಯನ್ನೇ ನೋಡುತ್ತಿತ್ತು, ನನಗೆ ಕಾಣಲೇ ಇಲ್ಲ. ಸ್ಕ್ರೀನ್ ಮೇಲಾಗಿದ್ದರೆ ಖಂಡಿತ ಕಾಣುತ್ತಿತ್ತು.

ನಾನು ಕಲಿತದ್ದು ಚೆಸ್ಸೋ, ಆ ಒಂದು ಪ್ರೋಗ್ರಾಮಿನ ಚಾಳಿಯೋ? ಇದನ್ನೇ ಮುಂದುವರಿಸಲಾ, ಬೇರೆ ದಾರಿ ಹಿಡಿಯಲಾ?

ಬಿಳಿಮನೆ
ಒಂದು ಪ್ರಶ್ನೆ. ಕಂಪ್ಯೂಟರ್ ಜೊತೆ ಆಡುವಾಗ ನಡೆ ವಾಪಸ್ ತಗೊಳ್ಳುತ್ತೀರಾ? ಹಿಂಟ್ ಕೇಳುತ್ತೀರಾ?

ಹೊಸಕಾಯಿ
ಹಿಂಟ್ ಅಪರೂಪ. ವಾಪಸ್ ತಗೊಳ್ಳುತ್ತೇನೆ, ಆಟಕ್ಕೆ ಮೂರು ನಾಲ್ಕು ಸಲ. ಕಾಯಿ ಸುಮ್ನೆ ಹೋದಾಗ ಮಾತ್ರ.

ಬಿಳಿಮನೆ
ಹಾಗಾದರೆ ಉತ್ತರ ಅಲ್ಲೇ ಇದೆ. ಕಾಯಿ ಸುಮ್ನೆ ಹೋಗದ ಹಾಗೆ ನೋಡಿಕೊಳ್ಳುವುದೇ ಈ ಮಟ್ಟದ ಚೆಸ್ಸಿನ ಮುಕ್ಕಾಲು ಪಾಲು. ಅದೊಂದನ್ನೇ ನೀವು ಬಟನ್‌ಗೆ ಬಿಟ್ಟುಕೊಟ್ಟಿದ್ದೀರಿ. ಕಾಯಿ ಹೋಯಿತು, ಬಟನ್ ಒತ್ತಿದಿರಿ, ಕಾಯಿ ಬಂತು. ಮನಸ್ಸಿಗೆ ಏನೂ ತಾಗಲಿಲ್ಲ. ತಾಗದ್ದು ನೆನಪಿನಲ್ಲಿ ಉಳಿಯುವುದಿಲ್ಲ.

ಎದುರಿಗೆ ಮನುಷ್ಯ ಕೂತಾಗ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಕೈ ಚಾಚುವ ಮೊದಲು ಒಂದು ಸಲ ಇಡೀ ಬೋರ್ಡ್ ನೋಡುವ ಅಭ್ಯಾಸ ಬರುವುದು ಆ ಭಯದಿಂದ. ಎಂಟು ತಿಂಗಳಲ್ಲಿ ನಿಮಗೆ ಆ ಭಯ ಹುಟ್ಟಲು ಅವಕಾಶವೇ ಸಿಕ್ಕಿಲ್ಲ.

ಓರೆನಡೆ
ಬಟನ್ ಒಂದೇ ಅಲ್ಲ, ಕೆಳಗಿನ ಲೆವೆಲ್‌ಗಳಲ್ಲೂ ಸಮಸ್ಯೆ ಇದೆ. ಪ್ರೋಗ್ರಾಮನ್ನು ಚೆನ್ನಾಗಿ ಆಡಿಸುವುದು ಈಗ ದೊಡ್ಡ ವಿಷಯವಲ್ಲ. ಹೊಸಬರ ಹಾಗೆ ತಪ್ಪು ಮಾಡಿಸುವುದೇ ಕಷ್ಟ. ಸ್ಟಾಕ್‌ಫಿಶ್ ಅನ್ನುವ ಚೆಸ್ ಪ್ರೋಗ್ರಾಮನ್ನೇ ತಗೊಳ್ಳಿ. ಅದರಲ್ಲಿ 0ಯಿಂದ 20ರವರೆಗೆ ಸ್ಕಿಲ್ ಲೆವೆಲ್ ಇದೆ. ಲೆವೆಲ್ ಇಳಿಸಿದಾಗ ಅದು ಕಡಿಮೆ ತಿಳಿದ ಆಟಗಾರ ಆಗುವುದಿಲ್ಲ. ಕೆಲವು ಒಳ್ಳೆಯ ನಡೆಗಳನ್ನು ಹುಡುಕಿಟ್ಟುಕೊಂಡು, ನಡುನಡುವೆ ಬೇಕಂತಲೇ ಅವುಗಳಲ್ಲಿ ಕಳಪೆಯದನ್ನು ಆರಿಸುತ್ತದೆ.

ಇದರಿಂದ ಆಟ ಹೇಗಾಗುತ್ತದೆ ಅಂದರೆ, ಹತ್ತು ನಡೆ ಕಲ್ಲಿನ ಗೋಡೆ, ಹನ್ನೊಂದನೆಯದಕ್ಕೆ ಕುದುರೆಯನ್ನು ಪುಕ್ಕಟೆ ಕೊಟ್ಟುಬಿಡುತ್ತದೆ. ಎಂಟು ತಿಂಗಳಲ್ಲಿ ನೀವು ಆ ಹನ್ನೊಂದನೇ ನಡೆಗೆ ಕಾಯುವುದನ್ನು ಕಲಿತಿರಬಹುದು. ಮನುಷ್ಯರ ತಪ್ಪು ಹಾಗಿರುವುದಿಲ್ಲ, ಅದಕ್ಕೊಂದು ಕಾರಣ ಇರುತ್ತದೆ. ದಾಳಿಯ ಹುರುಪಿನಲ್ಲಿ ಹಿಂದಿನ ಕಾಯಿ ಮರೆತಿರುತ್ತಾರೆ, ಇಲ್ಲಾ ಗಡಿಯಾರ ನೋಡಿ ಗಾಬರಿಯಾಗಿರುತ್ತಾರೆ.

ಮಾಯಾ ಅಂತ ಒಂದು ಪ್ರೋಗ್ರಾಂ ಇದೆ, 2020ರಲ್ಲಿ ಬಂದದ್ದು. ಲಿಚೆಸ್ ಅನ್ನುವ ಆನ್‌ಲೈನ್ ಚೆಸ್ ತಾಣದಲ್ಲಿ ಜನ ಆಡಿದ ಆಟಗಳನ್ನೇ ಕೊಟ್ಟು ಅದಕ್ಕೆ ಕಲಿಸಿದ್ದಾರೆ. ಅತಿ ಒಳ್ಳೆಯ ನಡೆ ಯಾವುದು ಅಂತ ಅದು ಹುಡುಕುವುದಿಲ್ಲ. ಈ ಮಟ್ಟದ ಮನುಷ್ಯ ಇಲ್ಲಿ ಏನು ಆಡುತ್ತಾನೆ ಅಂತ ಊಹಿಸುತ್ತದೆ. 1100 ರೇಟಿಂಗಿನಿಂದ 1900ರವರೆಗೆ ಬೇರೆ ಬೇರೆ ಮಾಯಾ ಇವೆ. ಕಂಪ್ಯೂಟರ್ ಜೊತೆಯೇ ಆಡಬೇಕು ಅಂದರೆ ಅದರ ಜೊತೆ ಆಡಿ ನೋಡಿ.

ರಾತ್ರಿಆಟ
ಕಂಪ್ಯೂಟರ್ ಕಲಿಸುವುದೇ ಇಲ್ಲ ಅನ್ನುವ ಹಾಗೆ ಮಾತಾಡಬೇಡಿ. ನನಗೆ ಚೆಸ್ ಹತ್ತಿಸಿದ್ದೇ ಕಂಪ್ಯೂಟರ್ ಗೇಮ್. ಬ್ಯಾಟಲ್ ಚೆಸ್, 1988ರದ್ದು. ಅದರಲ್ಲಿ ಕಾಯಿಗಳು ನಡೆದುಕೊಂಡು ಹೋಗುತ್ತಿದ್ದವು, ಹೊಡೆಯುವಾಗ ನಿಜಕ್ಕೂ ಕಾದಾಡುತ್ತಿದ್ದವು. ಆನೆಯ ಜಾಗದಲ್ಲಿ ಒಂದು ಕೋಟೆ ಇರುತ್ತಿತ್ತು, ಅದು ಕಲ್ಲಿನ ರಾಕ್ಷಸನಾಗಿ ಎದ್ದು ನಿಲ್ಲುತ್ತಿತ್ತು. ಒಂದೊಂದು ನಡೆಗೂ ಎಷ್ಟು ಹೊತ್ತು! ಆದರೆ ಆ ನಿಧಾನದಿಂದಲೇ ಯಾವ ಕಾಯಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದು ಕಣ್ಣಿಗೆ ಕಟ್ಟಿತು. ಆಮೇಲೆ ಚೆಸ್‌ಮಾಸ್ಟರ್. ಅದರಲ್ಲಿ ಪಾಠಗಳಿದ್ದವು, ಒಂದೊಂದು ಥರ ಆಡುವ ಎದುರಾಳಿಗಳಿದ್ದರು. ಒಬ್ಬರಿಗೆ ಮಂತ್ರಿಯನ್ನು ಬೇಗ ಹೊರಗೆ ತರುವ ಚಟ, ಇನ್ನೊಬ್ಬರಿಗೆ ಕುದುರೆ ಅಂದರೆ ಪ್ರಾಣ.

ಎದುರಿಗೆ ಕೂರಲು ಯಾರೂ ಇಲ್ಲದವರಿಗೆ ಅದು ಎಷ್ಟು ದೊಡ್ಡ ಆಸರೆ ಅಂತ, ಮನೆ ತುಂಬಾ ಆಟಗಾರರಿದ್ದವರಿಗೆ ಗೊತ್ತಾಗುವುದಿಲ್ಲ.

ಬಿಳಿಮನೆ
ಕಲಿಸುವುದಿಲ್ಲ ಅಂತ ನಾನು ಹೇಳಿಲ್ಲ ಅಣ್ಣ. ವಾಪಸ್ ಬಟನ್ ಕಲಿಸುವುದಿಲ್ಲ ಅಂದೆ.

ಎಂಟುಮನೆ
ನನ್ನ ಮಗಳ ಕಥೆ ಹೇಳುತ್ತೇನೆ. ಅವಳಿಗೆ ಆಗ ಎಂಟು ವರ್ಷ. ಕಂಪ್ಯೂಟರ್ ಜೊತೆ ಆಡುತ್ತಾ ಕೂತವಳು ಅಳುತ್ತಾ ಬಂದಳು. "ಅಮ್ಮಾ, ಅದು ಮೋಸ ಮಾಡಿತು, ನನ್ನ ಕಾಲಾಳನ್ನು ಮುಟ್ಟದೇ ಹೊಡೆಯಿತು!" ಹೋಗಿ ನೋಡಿದೆ. ಇವಳು ಕಾಲಾಳನ್ನು ಡಿ2ರಿಂದ ಎರಡು ಮನೆ ಹಾರಿಸಿ ಡಿ4ಕ್ಕೆ ಇಟ್ಟಿದ್ದಾಳೆ. ಪಕ್ಕದ ಇ4ರಲ್ಲಿ ಕಂಪ್ಯೂಟರಿನ ಕಪ್ಪು ಕಾಲಾಳು ಇತ್ತು. ಅದು ಓರೆಯಾಗಿ ಡಿ3ಕ್ಕೆ ಬಂದು ಕೂತಿದೆ, ಇವಳ ಕಾಲಾಳು ಮಾಯ. ನನಗೂ ಮೋಸ ಅಂತಲೇ ಅನಿಸಿತು. ಪ್ರೋಗ್ರಾಂ ಕೆಟ್ಟಿದೆ ಅಂದುಕೊಂಡು ತೆಗೆದೇ ಹಾಕಿದೆ.

ತಿಂಗಳಾದ ಮೇಲೆ ಗೊತ್ತಾಯಿತು, ಅದು ಎನ್ ಪಾಸಾಂ, ನಿಯಮವೇ. ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಕಾಲಾಳನ್ನು, ಒಂದೇ ಮನೆ ನಡೆದಿತ್ತು ಅನ್ನುವ ಹಾಗೆ ಹೊಡೆಯಬಹುದು. ಆದರೆ ಆ ತಕ್ಷಣದ ನಡೆಯಲ್ಲಿ ಮಾತ್ರ. ಮಗಳ ಹತ್ತಿರ ಕ್ಷಮೆ ಕೇಳಿ ಮತ್ತೆ ಹಾಕಿಕೊಟ್ಟೆ. ನನ್ನ ದೂರು ಒಂದೇ. ಅದು ಹೊಡೆಯುವಾಗ "ಇದು ಇಂಥ ನಿಯಮ" ಅಂತ ಒಂದು ಸಾಲು ತೋರಿಸಿದ್ದರೆ ಆ ಮಗು ಅಳುತ್ತಿರಲಿಲ್ಲ. ನಿಯಮ ಪಾಲಿಸುವುದು ಪ್ರೋಗ್ರಾಮಿಗೆ ಗೊತ್ತು, ವಿವರಿಸುವುದು ಗೊತ್ತಿಲ್ಲ.

ಕರಿಕುದುರೆ
ಕ್ಯಾಸ್ಲಿಂಗ್ ಕೂಡ ಹಾಗೇ, ಅಂದರೆ ರಾಜ ಆನೆಯ ಕಡೆಗೆ ಎರಡು ಮನೆ ಸರಿದು, ಆನೆ ಅದನ್ನು ದಾಟಿ ಪಕ್ಕಕ್ಕೆ ಬಂದು ಕೂರುವ ನಡೆ. ರಾಜ ದಾಟುವ ಮನೆಯ ಮೇಲೆ ಎದುರಾಳಿಯ ಕಣ್ಣಿದ್ದರೆ ಕ್ಯಾಸ್ಲಿಂಗ್ ಆಗುವುದಿಲ್ಲ. ಆದರೆ ಆನೆ ದಾಟುವ ಮನೆಯ ಮೇಲೆ ಕಣ್ಣಿದ್ದರೆ ಪರವಾಗಿಲ್ಲ. ಮಂತ್ರಿಯ ಕಡೆ ಕ್ಯಾಸ್ಲಿಂಗ್ ಮಾಡುವಾಗ ಬಿ1ರ ಮೇಲೆ ದಾಳಿ ಇದ್ದರೂ ಮಾಡಬಹುದು. ಇದು ಎಷ್ಟೋ ವರ್ಷ ಆಡಿದವರಿಗೂ ಗೊತ್ತಿರುವುದಿಲ್ಲ. ನನಗೆ ಗೊತ್ತಾದದ್ದು ಕಂಪ್ಯೂಟರ್ ಮಾಡಿ ತೋರಿಸಿದ ಮೇಲೆ.

ಸಂಜೆಬೋರ್ಡ್
ಮಂತ್ರಿ ಅಲ್ಲ, ರಾಣಿ. ಎಲ್ಲ ಗೇಮ್‌ಗಳಲ್ಲೂ ಈಗ ರಾಣಿ ಅಂತಲೇ ಇರುತ್ತದೆ. ಮಕ್ಕಳಿಗೆ ಗೊಂದಲ ಯಾಕೆ?

ಕರಿಕುದುರೆ
ಮಂತ್ರಿ ಅನ್ನುವುದು ಹಳೆಯ ಹೆಸರು, ತಪ್ಪಲ್ಲ. ಆಟ ಪಶ್ಚಿಮಕ್ಕೆ ಹೋದ ಮೇಲೆ ಆ ಕಾಯಿ ರಾಣಿಯಾಯಿತು. ಅದಕ್ಕೆ ಈಗಿನ ಉದ್ದದ ನಡಿಗೆ ಬಂದದ್ದೂ 15ನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೆ ಮೊದಲು ಓರೆಯಾಗಿ ಒಂದೇ ಮನೆ. ಇನ್ನೊಂದು ವಿಷಯ ಗೊತ್ತಾ? ನಾವು ಮೂಲೆಯ ಕಾಯಿಯನ್ನು ಆನೆ ಅನ್ನುತ್ತೇವೆ, ರಷ್ಯನ್ನರು ಒಂಟೆಯ ಕಾಯಿಯನ್ನು ಆನೆ ಅನ್ನುತ್ತಾರೆ. ಅವರ "ಸ್ಲೋನ್" ಅಂದರೆ ಆನೆ, ಅದು ಓರೆ ನಡೆಯುತ್ತದೆ. ಪರ್ಷಿಯನ್ ಮತ್ತು ಅರಬ್ಬೀ ಕಾಲದ ಆನೆ ಅಲ್ಲಿ ಹಾಗೇ ಉಳಿದುಕೊಂಡಿದೆ.

ರಾತ್ರಿಆಟ
ಹಳೆಯ ಆನೆ ಓರೆಯಾಗಿ ಎರಡನೇ ಮನೆಗೆ ಹಾರುತ್ತಿತ್ತು ಅಲ್ವಾ? ನಡುವೆ ಕಾಯಿ ಇದ್ದರೂ ದಾಟಿಕೊಂಡು.

ಕರಿಕುದುರೆ
ಹೌದು, ಸರಿ.

ಓರೆನಡೆ
ಕೇಳಿದವರ ಪ್ರಶ್ನೆಗೆ ಬರೋಣ. ಪಾಪ, ಕಾಯುತ್ತಿದ್ದಾರೆ.

ಮೂಲೆರಾಜ
ಹೊಸಕಾಯಿ ಅವರೇ, ಕಂಪ್ಯೂಟರನ್ನು ಬಿಡಬೇಡಿ, ಅದರ ಜೊತೆ ಮಾಡುವ ಕೆಲಸ ಬದಲಿಸಿ. ಪೂರ್ತಿ ಆಟ ಆಡುವ ಬದಲು ಕೊನೆಯಾಟಗಳನ್ನು, ಅಂದರೆ ಕೆಲವೇ ಕಾಯಿ ಉಳಿದ ಸ್ಥಿತಿಗಳನ್ನು, ಅದರ ಎದುರು ಆಡಿ. ಅದಕ್ಕಿಂತ ಒಳ್ಳೆಯ ಎದುರಾಳಿ ಸಿಗುವುದಿಲ್ಲ. ಬೇಜಾರಾಗುವುದಿಲ್ಲ, ನೂರು ಸಲ ಕೇಳಿದರೂ ಅದೇ ಸ್ಥಿತಿಯಿಂದ ಆಡುತ್ತದೆ.

ನನಗಾದದ್ದು ಹೇಳುತ್ತೇನೆ. ಒಂದು ಪಂದ್ಯದಲ್ಲಿ ನನ್ನ ಹತ್ತಿರ ರಾಜ ಮತ್ತು ಮಂತ್ರಿ, ಎದುರಾಳಿಯ ಹತ್ತಿರ ಒಂಟಿ ರಾಜ. ಗೆದ್ದೆ ಅಂತಲೇ ಮನಸ್ಸಿನಲ್ಲಿ. ಅವರ ರಾಜ ಎ8 ಮೂಲೆಗೆ ಹೋಯಿತು. ನಾನು ಮಂತ್ರಿಯನ್ನು ತಂದು ಬಿ6ರಲ್ಲಿ ಇಟ್ಟೆ. ಅವರು ಬೋರ್ಡನ್ನೇ ನೋಡುತ್ತಾ ಕೂತರು, ಆಮೇಲೆ ಕೈ ಮುಂದೆ ಚಾಚಿದರು. ಸೋಲೊಪ್ಪುತ್ತಿದ್ದಾರೆ ಅಂದುಕೊಂಡೆ. "ಸ್ಟೇಲ್‌ಮೇಟ್" ಅಂದರು. ಎ7, ಬಿ7, ಬಿ8 ಮೂರೂ ನನ್ನ ಮಂತ್ರಿಯ ಹಿಡಿತದಲ್ಲಿವೆ, ಚೆಕ್ ಮಾತ್ರ ಇಲ್ಲ. ಅವರಿಗೆ ಆಡಲು ನಡೆಯೇ ಇಲ್ಲ, ಹಾಗಾಗಿ ಆಟ ಡ್ರಾ. ಅರ್ಧ ಪಾಯಿಂಟ್ ಹೋಯಿತು. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಬಿ6 ಮನೆಯೇ ಕಣ್ಣ ಮುಂದೆ.

ಆ ರಾತ್ರಿ ಕಂಪ್ಯೂಟರ್‌ಗೆ ಒಂಟಿ ರಾಜನನ್ನು ಕೊಟ್ಟು ಕೂತೆ. ಮೊದಲು ನನ್ನ ಮಂತ್ರಿಯನ್ನು ಅದರ ರಾಜನಿಂದ ಕುದುರೆ ನೆಗೆತದಷ್ಟು ದೂರದಲ್ಲಿ ಇಡುವುದು. ರಾಜ ಕದಲಿದ ಕಡೆಗೇ ಮಂತ್ರಿಯನ್ನೂ ಕದಲಿಸುವುದು. ಹೀಗೆ ಒಂದು ಚೆಕ್ ಕೂಡ ಇಲ್ಲದೆ ರಾಜ ಅಂಚಿಗೆ ಹೋಗುತ್ತದೆ. ಅಂಚಿನ ಸಾಲು ಸೇರಿದ ಕೂಡಲೇ ನಿಲ್ಲಿಸಬೇಕು. ರಾಜ ಮೂಲೆಯಲ್ಲಿದ್ದಾಗಲೂ ಅದೇ ಕುದುರೆ ನೆಗೆತಕ್ಕೆ ಹೋದರೆ ಸ್ಟೇಲ್‌ಮೇಟ್, ನನಗಾದ ಹಾಗೆ. ಅಲ್ಲಿಂದ ಮಂತ್ರಿಯಿಂದ ಆ ಸಾಲನ್ನು ಮುಚ್ಚಿ, ರಾಜನಿಗೆ ಓಡಾಡಲು ಎರಡು ಮನೆ ಬಿಟ್ಟು, ನಮ್ಮ ರಾಜನನ್ನು ಹತ್ತಿರ ತರಬೇಕು. ನಲವತ್ತು ಸಲ ಮಾಡಿರಬಹುದು. ಈಗ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಮಾಡುತ್ತೇನೆ.

ಬಿಳಿಮನೆ
ಒಳ್ಳೆಯ ಸಲಹೆ. ಇದಾದ ಮೇಲೆ ಒಂದು ಆನೆ ಮತ್ತು ರಾಜ, ಅದಾದ ಮೇಲೆ ಒಂದು ಕಾಲಾಳು ಮತ್ತು ರಾಜ.

ವೇಗದಾಟ
ಪಜಲ್ ಬಿಡಿಸಿ, ಬೇರೇನೂ ಬೇಡ. ದಿನಕ್ಕೆ ಐವತ್ತು. ನನ್ನ ಪಜಲ್ ರೇಟಿಂಗ್ 2100.

ಓರೆನಡೆ
ಆಟದ ರೇಟಿಂಗ್ ಎಷ್ಟು?

ವೇಗದಾಟ
1350. ಆದರೆ ಏರುತ್ತಿದೆ.

ಓರೆನಡೆ
ಆ ಅಂತರ ಯಾಕೆ ಬರುತ್ತದೆ ಅಂತ ಯೋಚಿಸಿದ್ದೀರಾ? ಪಜಲ್ ತೆರೆದ ತಕ್ಷಣ "ಇಲ್ಲಿ ಗೆಲುವಿದೆ, ಹುಡುಕು" ಅಂತ ಹೇಳಿದ ಹಾಗಾಯಿತು. ನಿಜವಾದ ಆಟದಲ್ಲಿ ಯಾರೂ ಹಾಗೆ ಕಿವಿಯಲ್ಲಿ ಹೇಳುವುದಿಲ್ಲ. ಪಜಲ್ ಬೇಡ ಅಂತಲ್ಲ, ಫೋರ್ಕ್ (ಒಂದೇ ಕಾಯಿ ಎರಡರ ಮೇಲೆ ದಾಳಿ), ಪಿನ್ (ಹಿಂದಿನ ದೊಡ್ಡ ಕಾಯಿಗಾಗಿ ಮುಂದಿನದು ಕದಲದಂತಾಗುವುದು) ಕಣ್ಣಿಗೆ ಬೀಳಲು ಅದು ಬೇಕೇ ಬೇಕು. ಆದರೆ ಐವತ್ತು ಓಡಿಸುವ ಬದಲು ಹತ್ತನ್ನು, ಕೊನೆಯ ನಡೆಯವರೆಗೂ ಮನಸ್ಸಿನಲ್ಲಿ ನೋಡಿ ಆಮೇಲೆ ಕೈ ಹಾಕಿದರೆ ಜಾಸ್ತಿ ಉಳಿಯುತ್ತದೆ.

ವೇಗದಾಟ
ಒಪ್ಪುತ್ತೇನೆ. ನಾನು ಮೊದಲ ನಡೆ ಊಹೆ ಮಾಡಿ ಒತ್ತುವುದೇ ಜಾಸ್ತಿ. ಅಂದ ಹಾಗೆ ಫಿಡೆಯಲ್ಲೂ, ಅಂದರೆ ವಿಶ್ವ ಚೆಸ್ ಒಕ್ಕೂಟದ ರೇಟಿಂಗಿನಲ್ಲೂ, ನಾನು 1350 ಅಂತಲೇ ಅಲ್ವಾ?

ಎಂಟುಮನೆ
ಅಲ್ಲ. ಒಂದೊಂದು ಕಡೆಯ ಅಳತೆ ಒಂದೊಂದು. ಫಿಡೆಯದು ಎಲೋ ಪದ್ಧತಿ, 1970ರಿಂದ ಇದೆ. ಲಿಚೆಸ್‌ನದು ಗ್ಲಿಕೋ-2, ಅಲ್ಲಿ ಎಲ್ಲರೂ 1500ರಿಂದ ಶುರು. ಒಂದು ಕಡೆಯ ಅಂಕಿಯನ್ನು ಇನ್ನೊಂದು ಕಡೆ ಹಾಗೇ ಒಯ್ಯಬೇಡಿ. ಪಂದ್ಯಕ್ಕೆ ಹೋದ ಮಕ್ಕಳು ಇದರಿಂದ ತುಂಬಾ ನೊಂದುಕೊಳ್ಳುತ್ತಾರೆ.

ಸಂಜೆಬೋರ್ಡ್
ನನಗಂತೂ ಈ ಎಂಜಿನ್, ಅಂದರೆ ಚೆಸ್ ಆಡುವ ಪ್ರೋಗ್ರಾಂಗಳ, ಸಹವಾಸವೇ ಬೇಡ. 1996ರಲ್ಲಿ ಐಬಿಎಂ ಕಂಪ್ಯೂಟರ್ ಡೀಪ್ ಬ್ಲೂ ಆಗಿನ ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಸೋಲಿಸಿದ ದಿನವೇ ಚೆಸ್ಸಿನ ರಸ ಹೋಯಿತು.

ಕರಿಕುದುರೆ
1996ರಲ್ಲಿ ಗೆದ್ದದ್ದು ಕಾಸ್ಪರೋವ್, 4-2. ಮೊದಲ ಆಟವನ್ನು ಡೀಪ್ ಬ್ಲೂ ಗೆದ್ದಿತ್ತು, ಅದರಿಂದ ನಿಮಗೆ ಹಾಗೆ ನೆನಪಿರಬಹುದು. ಇಡೀ ಪಂದ್ಯ ಸೋತದ್ದು 1997ರ ಮೇ ತಿಂಗಳಲ್ಲಿ, ಮೂರೂವರೆ-ಎರಡೂವರೆ. ಕೊನೆಯ ಆಟ 19 ನಡೆಗೇ ಮುಗಿಯಿತು. ಡೀಪ್ ಬ್ಲೂ ಇ6ರಲ್ಲಿ ಕುದುರೆಯನ್ನು ಬಲಿ ಕೊಟ್ಟಿತು, ಕಾಸ್ಪರೋವ್ ಅದರಿಂದ ಏಳಲೇ ಇಲ್ಲ.

ರಸ ಹೋಯಿತು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. 2017ರಲ್ಲಿ ಆಲ್ಫಾಝೀರೋ ಬಂತು. ಅದಕ್ಕೆ ಮನುಷ್ಯರ ಒಂದು ಆಟವನ್ನೂ ತೋರಿಸಿರಲಿಲ್ಲ, ನಿಯಮ ಮಾತ್ರ ಕೊಟ್ಟಿದ್ದರು. ತನ್ನ ಜೊತೆ ತಾನೇ ಆಡಿ ಕಲಿತು, ಸ್ಟಾಕ್‌ಫಿಶ್ ಎದುರು 100 ಆಟ ಆಡಿತು. 28 ಗೆಲುವು, 72 ಡ್ರಾ, ಸೋಲು ಒಂದೂ ಇಲ್ಲ. ಆ ಆಟಗಳನ್ನು ನೋಡಿ. ಅಂಚಿನ ಕಾಲಾಳನ್ನು ಎದುರಾಳಿ ರಾಜನ ಎದೆಯವರೆಗೂ ತಳ್ಳಿಕೊಂಡು ಹೋಗುತ್ತದೆ, ಕಾಲಾಳುಗಳನ್ನು ಕೊಟ್ಟು ಜಾಗ ಕೊಳ್ಳುತ್ತದೆ. ಆಮೇಲೆ ದೊಡ್ಡ ಆಟಗಾರರೂ ಅಂಚಿನ ಕಾಲಾಳು ತಳ್ಳಲು ಶುರು ಮಾಡಿದರು. ಯಂತ್ರದಿಂದ ಮನುಷ್ಯ ಕಲಿಯುವುದು ಅಂದರೆ ಇದು.

ಸಂಜೆಬೋರ್ಡ್
ವರ್ಷ ತಪ್ಪಿದ್ದೆ, ತಿದ್ದಿದ್ದಕ್ಕೆ ಥ್ಯಾಂಕ್ಸ್. ಆದರೆ ನೀವು ಹೇಳಿದ್ದು ದೊಡ್ಡವರ ವಿಷಯ. ಇಲ್ಲಿ ಕೇಳಿದವರು ಎಂಟು ತಿಂಗಳಿನವರು. 2024ರಲ್ಲಿ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಗುಕೇಶ್ ಕೂಡ ಕಲಿಯುವ ದಿನಗಳಲ್ಲಿ ಬಹಳ ಕಾಲ ಎಂಜಿನ್ ಮುಟ್ಟಿರಲಿಲ್ಲ. ಕೋಚ್ ಬೇಕಂತಲೇ ದೂರ ಇಟ್ಟಿದ್ದರು. ಸ್ವಂತ ಲೆಕ್ಕ ಗಟ್ಟಿಯಾಗಲಿ ಅಂತ.

ರಾತ್ರಿಆಟ
ಅವರಿಗೆ ಕೋಚ್ ಇದ್ದರು. ಇವರಿಗೆ ಇಲ್ಲ. ಅದನ್ನು ಮರೆತು ಮಾತಾಡುವುದು ಸರಿಯಲ್ಲ.

ಸಂಜೆಬೋರ್ಡ್
ಸರಿ, ಆ ಮಾತು ಒಪ್ಪಿದೆ. ಹಾಗಿದ್ದರೆ ಎಂಜಿನ್ ಯಾವಾಗ ತೆರೆಯಬೇಕು ಅಂತಾದರೂ ಹೇಳಿ. ಎಲ್ಲರೂ ಆಟ ಮುಗಿದ ಮರುಕ್ಷಣ, ಯಾರು ಎಷ್ಟು ಮೇಲಿದ್ದಾರೆ ಅಂತ ಎಂಜಿನ್ ತೋರಿಸುವ ಆ ಬಿಳಿ-ಕಪ್ಪು ಪಟ್ಟಿ ನೋಡುತ್ತಾರೆ. 23ನೇ ನಡೆಯಲ್ಲಿ ಪಟ್ಟಿ ಇಳಿಯಿತು, ಹಾಗಾಗಿ ಅದು ತಪ್ಪು. ಮುಗಿಯಿತು, ಮುಂದಿನ ಆಟ.

ಬಿಳಿಮನೆ
ಇದು ಮುಖ್ಯವಾದ ಮಾತು. ಪಟ್ಟಿ ಎಷ್ಟು ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಒಂದು ಅಂದರೆ ಸುಮಾರು ಒಂದು ಕಾಲಾಳಿನಷ್ಟು ಮೇಲುಗೈ. 0.4 ಇದ್ದದ್ದು 0.1 ಆದರೆ ನಮ್ಮಂಥವರ ಆಟದಲ್ಲಿ ಅದಕ್ಕೆ ಅರ್ಥವೇ ಇಲ್ಲ. ಆದರೂ ಅದನ್ನೇ ನೋಡುತ್ತಾ ಕೂರುತ್ತೇವೆ.

ನಾನು ಮಾಡುವುದು ಹೀಗೆ. ಆಟ ಮುಗಿದ ಮೇಲೆ ಮೊದಲು ಎಂಜಿನ್ ಇಲ್ಲದೆ ಒಂದು ಸಲ ನಡೆಸಿ ನೋಡುತ್ತೇನೆ. ಎಲ್ಲಿ ಯೋಚನೆ ಹೆಚ್ಚಾಯಿತು, ಎಲ್ಲಿ ಹೆದರಿದೆ, ಎಲ್ಲಿ ಎದುರಾಳಿಯ ನಡೆ ನೋಡಿ ಬೆಚ್ಚಿದೆ, ಅಂಥ ಮೂರು ಜಾಗ ಗುರುತು ಹಾಕುತ್ತೇನೆ. ಪ್ರತಿ ಜಾಗಕ್ಕೂ ಒಂದು ಸಾಲು, "ಇಲ್ಲಿ ಒಂಟೆಗೆ ಹೆದರಿ ಹಿಂದೆ ಸರಿದೆ" ಅನ್ನುವ ಥರ. ಆಮೇಲೆ ಎಂಜಿನ್ ಹಚ್ಚಿ ಆ ಮೂರನ್ನು ಮಾತ್ರ ಕೇಳುತ್ತೇನೆ. ಉತ್ತರ ಅರ್ಥವಾಗದಿದ್ದರೆ ಅದರ ಎದುರಿಗೆ ನನ್ನ ನಡೆ ಆಡಿ ನೋಡುತ್ತೇನೆ. ಹೇಗೆ ಶಿಕ್ಷೆ ಕೊಡುತ್ತದೆ ಅಂತ ಕಂಡ ಮೇಲೆ ಕಾರಣ ತಾನಾಗಿ ತಿಳಿಯುತ್ತದೆ. ಮೊದಲು ನಾವು ಯೋಚಿಸಿರಬೇಕು, ಆಮೇಲೆ ಅದನ್ನು ಕೇಳಬೇಕು. ತಿರುಗುಮುರುಗಾದರೆ ಏನೂ ಉಳಿಯುವುದಿಲ್ಲ.

ಎಂಟುಮನೆ
ಮನುಷ್ಯರ ಜೊತೆ ಆನ್‌ಲೈನ್ ಆಡುವಾಗ ಮಾತ್ರ ಪಕ್ಕದಲ್ಲಿ ಎಂಜಿನ್ ತೆರೆಯಲೇಬೇಡಿ. ಸಣ್ಣ ಮಕ್ಕಳಿಗೆ ಅದು ಮೋಸ ಅಂತಲೇ ಗೊತ್ತಿರುವುದಿಲ್ಲ, ಹೇಳಿಕೊಡಬೇಕು.

ಮೂಲೆರಾಜ
ಇನ್ನು ಆ ಓರೆ ಒಂಟೆ ಕಾಣದ ವಿಷಯ. ಅದು ನಿಮ್ಮೊಬ್ಬರ ಕಥೆಯಲ್ಲ. ಸ್ಕ್ರೀನಿನಲ್ಲಿ ಬೋರ್ಡನ್ನು ಮೇಲಿನಿಂದ ಚಿತ್ರದ ಹಾಗೆ ನೋಡುತ್ತೇವೆ, ಎಲ್ಲ ಮನೆಯೂ ಒಂದೇ ದೂರ. ನಿಜವಾದ ಬೋರ್ಡಿನಲ್ಲಿ ಕೂತ ಜಾಗದಿಂದ ನೋಡುತ್ತೇವೆ, ಎದುರಿನ ಕಾಯಿಗಳು ಒಂದರ ಹಿಂದೆ ಒಂದು ಮರೆಯಾಗುತ್ತವೆ. ಜೊತೆಗೆ ಸ್ಕ್ರೀನಿನಲ್ಲಿ ಎದುರಾಳಿಯ ಕೊನೆಯ ನಡೆಗೆ ಬಣ್ಣ ಬಂದಿರುತ್ತದೆ, ಕಾಯಿ ಮುಟ್ಟಿದರೆ ಎಲ್ಲೆಲ್ಲಿ ಹೋಗಬಹುದು ಅಂತ ಚುಕ್ಕಿ ಬೀಳುತ್ತದೆ. ಎಂಟು ತಿಂಗಳು ಆ ಚುಕ್ಕಿ ನೋಡಿದ ಕಣ್ಣಿಗೆ ಚುಕ್ಕಿ ಇಲ್ಲದ ಬೋರ್ಡ್ ಹೊಸದು.

ಒಂದು ಬೋರ್ಡ್ ತಂದು ಕಂಪ್ಯೂಟರ್ ಪಕ್ಕದಲ್ಲಿ ಇಡಿ. ಅದರ ನಡೆಯನ್ನು ಬೋರ್ಡಿನಲ್ಲಿ ಆಡಿ. ಬೋರ್ಡ್ ನೋಡಿಯೇ ಯೋಚಿಸಿ, ಕೈಯಿಂದ ಕಾಯಿ ನಡೆಸಿ, ಆಮೇಲೆ ಸ್ಕ್ರೀನಿನಲ್ಲಿ ಒತ್ತಿ. ಚುಕ್ಕಿ, ಬಣ್ಣ ಎಲ್ಲ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ. ನಡೆಗಳನ್ನು ಕಾಗದದಲ್ಲಿ ಬರೆಯುತ್ತಾ ಹೋಗಿ.

ವೇಗದಾಟ
ಇದು ನಾನೂ ಮಾಡುತ್ತೇನೆ. ಬ್ಲಿಟ್ಜ್‌ನಲ್ಲಿ ಆಗುವುದಿಲ್ಲ ಅಲ್ವಾ?

ಮೂಲೆರಾಜ
ಆಗುವುದಿಲ್ಲ, ಮೂರು ನಿಮಿಷದ ಆಟ ಸದ್ಯಕ್ಕೆ ಬಿಡಿ. 15 ನಿಮಿಷ, ನಡೆಗೆ 10 ಸೆಕೆಂಡ್ ಸೇರುವಂಥದ್ದು ಆಡಿ.

ಹೊಸಕಾಯಿ
ಎಲ್ಲರಿಗೂ ಉತ್ತರ ಕೊಡಲು ಆಗಲಿಲ್ಲ, ಎಲ್ಲವನ್ನೂ ಎರಡೆರಡು ಸಲ ಓದಿದ್ದೇನೆ. ಐದು ವಾರ ಆಯಿತು. ವಾಪಸ್ ಬಟನ್ ಮುಟ್ಟಿಲ್ಲ. ಮೊದಲ ವಾರ ಮೂರನೇ ಲೆವೆಲ್ ಎದುರೇ ಸಾಲಾಗಿ ಸೋತೆ, ತುಂಬಾ ಬೇಸರವಾಯಿತು. ಬೋರ್ಡ್ ಪಕ್ಕದಲ್ಲಿಟ್ಟು ಆಡಲು ಶುರು ಮಾಡಿದ ಮೇಲೆ ಒಂದು ಬದಲಾವಣೆ ಗಮನಿಸಿದೆ. ಕಾಯಿಗೆ ಕೈ ಹಾಕುವ ಮೊದಲು ಕೈ ತಾನಾಗಿ ಮೇಜಿನ ಮೇಲೆ ನಿಲ್ಲುತ್ತದೆ.

ನಿನ್ನೆ ಅದೇ ಪರಿಚಯದವರ ಜೊತೆ ಮತ್ತೆ ಕೂತೆ. ಮೊದಲ ಆಟ ಸೋತೆ. ಎರಡನೆಯದರಲ್ಲಿ ಅವರ ರಾಜ ಜಿ8ರಲ್ಲಿ, ಮುಂದೆ ಎಫ್7, ಜಿ7, ಎಚ್7 ಮೂರೂ ಕಾಲಾಳುಗಳು ಕದಲದೆ ನಿಂತಿವೆ. ಅವರ ಆನೆ ನನ್ನ ಕಾಲಾಳು ಹೊಡೆಯಲು ಎ2ಕ್ಕೆ ಇಳಿದು ಬಂತು. ನನ್ನ ಆನೆ ಇ1ರಲ್ಲಿತ್ತು. ಇ ಸಾಲು ಪೂರ್ತಿ ಖಾಲಿ. ಕೈ ಮೇಜಿನ ಮೇಲೆಯೇ ಇಟ್ಟುಕೊಂಡು ಎರಡು ಸಲ ನೋಡಿದೆ. ಎಲ್ಲೋ ಒಂಟೆ ಇದೆಯಾ, ಓರೆಯಾಗಿ ಎಲ್ಲ ಹುಡುಕಿದೆ. ಇರಲಿಲ್ಲ. ಆಮೇಲೆ ಆನೆಯನ್ನು ಇ8ಕ್ಕೆ ತಳ್ಳಿದೆ, ಚೆಕ್‌ಮೇಟ್. ಅವರು ಸ್ವಲ್ಪ ಹೊತ್ತು ನೋಡಿ ನಕ್ಕು ಕೈ ಕೊಟ್ಟರು.

ಮೂಲೆರಾಜ
ಓದಿ ತುಂಬಾ ಖುಷಿಯಾಯಿತು. ಆ ಓರೆ ಹುಡುಕಿದಿರಲ್ಲ, ಅದು.

ಓರೆನಡೆ
ಭೇಷ್! ನಡೆಗಳನ್ನು ಬರೆದಿಟ್ಟಿದ್ದೀರಾ? ಇಲ್ಲಿ ಹಾಕಿ, ಎಲ್ಲರೂ ನೋಡೋಣ.

ಹೊಸಕಾಯಿ
ಬರೆದಿದ್ದೇನೆ, 31 ನಡೆ. ನಾಳೆ ಹಾಕುತ್ತೇನೆ. ಸೋತ ಆಟವನ್ನೂ ಹಾಕುತ್ತೇನೆ. ಇವತ್ತು ರಾತ್ರಿ ಮೊದಲು ನಾನೇ ಕೂತು ಮೂರು ಜಾಗ ಗುರುತು ಹಾಕಬೇಕು. ಎಂಜಿನ್ ಇನ್ನೂ ಹಚ್ಚಿಲ್ಲ.